ಅಂಗಡಿಯಮ್ಮ ಹೇಳಿಕೊಟ್ಟ ಪ್ರಶ್ನೆ

ಎಪ್ಪತ್ತರ ದಶಕದಲ್ಲಿ ಒಂದು ಸೋಪಿನ ಕಂಪನಿಗಾಗಿ ಅಂಗಡಿ ಅಂಗಡಿ ಸುತ್ತಿ, ಏನೇನು ಮಾರಾಟವಾಗುತ್ತದೆಂದು ಕೇಳಿ ಫಾರಂ ತುಂಬುತ್ತಿದ್ದೆ. ತುಂಬಿದ ಫಾರಮ್ಮಿಗಷ್ಟೇ ಕೂಲಿ. ಒಂದಕ್ಷರ ಆಚೀಚೆಯಾದರೂ ಸೂಪರ್‌ವೈಸರು ಒಪ್ಪುತ್ತಿರಲಿಲ್ಲ.

ಹನೂರಿನ ಒಬ್ಬ ಅಂಗಡಿಯಮ್ಮ ಎಲ್ಲಕ್ಕೂ ಉತ್ತರಿಸಿ, "ಇರೋದ್ನೇ ಕೇಳ್ತೀರಲ್ಲ ಸಾ, ಜನ ಕೇಳಿ ಸಿಕ್ದೆ ವಾಪಸ್ ಓಯ್ತಾರಲ್ಲ, ಅದ್ನ ಯಾಕ್ ಕೇಳಲ್ಲ?" ಎಂದರು.

"ಅದಕ್ಕೆ ಫಾರಮ್ಮಿನಲ್ಲಿ ಜಾಗವಿಲ್ಲಮ್ಮ."

ಆಕೆ ಫಾರಂ ಮಗುಚಿ ತೋರಿಸಿದರು. "ಇಲ್ಲಿ ಖಾಲಿ ಅದಲ್ಲ, ಬರ್ಕಳಿ."

ಕುತೂಹಲ ತಡೆಯಲಾರದೆ ಬರೆದುಕೊಂಡೆ: ಅರ್ಧ ಸೋಪು, ಮಗುವಿನ ಕಣ್ಣು ಉರಿಸದ ಸೋಪು, ಕೈಗಂಟಿದ ರೇಷ್ಮೆಗೂಡಿನ ವಾಸನೆ ತೆಗೆಯುವ ಸೋಪು.

ಸೂಪರ್‌ವೈಸರು ಬೈದು ಆ ಫಾರಮ್ಮನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಮುಂದಿನ ತಿಂಗಳ ಫಾರಮ್ಮಿನಲ್ಲಿ ಅದೇ ಪ್ರಶ್ನೆ ಅಚ್ಚಾಗಿ ಬಂತು. "ನಾನೇ ಸೂಚಿಸಿದ್ದು ಕಣ್ರಿ," ಎಂದರು ಸೂಪರ್‌ವೈಸರು.

ಆ ಪ್ರಶ್ನೆ ಕೇಳಿದರೆ ಸಾಕು, ಅಂಗಡಿಯವರೆಲ್ಲ ಅರ್ಧ ಗಂಟೆ ಮಾತಾಡುತ್ತಿದ್ದರು. ನನ್ನ ಕೂಲಿ ಅರ್ಧಕ್ಕಿಳಿಯಿತು. ಕೂತು ಕೇಳುವ ಚಟ ಮಾತ್ರ ಬಿಡಲಾಗಲಿಲ್ಲ.