ಬಲತುದಿಯ ಪಟ್ಟಿ

ಧ್ವನಿಪುಸ್ತಕಗಳನ್ನು ಸಂಕಲಿಸುವ ಕತ್ತರಿಯಣ್ಣನ ಮಾನಿಟರ್ ಎಷ್ಟು ಅಗಲವೆಂದರೆ, ಈ ತುದಿಯಿಂದ ಆ ತುದಿಗೆ ಕತ್ತು ತಿರುಗಿಸುವಷ್ಟರಲ್ಲಿ ಕಾಫಿ ಆರಿರುತ್ತದೆ. “ಇದೇನು ಮಾನಿಟರೋ, ಮಂಚವೋ?” ಎಂದು ಜೊತೆಯವರು ಕಾಲೆಳೆದರೆ, “ಒಂದು ಗಂಟೆ ಮಾತು ಒಂದೇ ನೋಟಕ್ಕೆ ಸಿಗ್ಬೇಕು ಕಣ್ರೀ,” ಎನ್ನುತ್ತಾನೆ. ಓದುವವರ ದನಿಗಳು ಅದರ ಮೇಲೆ ಅಲೆಅಲೆಯಾಗಿ ಹರಡಿಕೊಂಡಿರುತ್ತವೆ. ಕೆಮ್ಮನ್ನು ಅವನು ಕೇಳಬೇಕಾಗಿಯೇ ಇಲ್ಲ, ಅಲೆಯ ಆಕಾರ ಕಂಡರೆ ಸಾಕು. ಅಕ್ಕಿಯಲ್ಲಿನ ಕಲ್ಲಿನಂತೆ ಆರಿಸಿ ತೆಗೆಯುತ್ತಾನೆ. “ಕೇಳೋರಿಗೆ ಮಾತು ಸಾಕು, ಗಂಟಲು ಯಾಕೆ?” ಎಂದು ದಿನಕ್ಕೆ ಹತ್ತು ಸಲವಾದರೂ ಹೇಳುತ್ತಾನೆ. ಆದರೆ ಪರದೆಯ ಬಲತುದಿಯಲ್ಲಿ ಬೆರಳಗಲದ ಪಟ್ಟಿಯೊಂದನ್ನು ಅವನು ಯಾವ ಕೆಲಸಕ್ಕೂ ಬಿಟ್ಟುಕೊಡುವುದಿಲ್ಲ. ಅಲ್ಲಿರುವುದು ಬರೀ ಕೆಮ್ಮುಗಳು. ಕೊನೆಗಾಲದಲ್ಲಿ ಅವನಪ್ಪ ತಮ್ಮ ಬಾಲ್ಯದ ಕಥೆಗಳನ್ನು ಹೇಳಿದಾಗ ಅವನೇ ಅವನ್ನು ಧ್ವನಿಮುದ್ರಿಸಿಕೊಂಡು, ಕೈ ಸುಮ್ಮನಿರದೆ, ಚೊಕ್ಕಟ ಮಾಡಿಟ್ಟಿದ್ದ. ಮೂಲವನ್ನು ಅಳಿಸಿಯೂ ಬಿಟ್ಟಿದ್ದ. ಅಪ್ಪ ಹೋದ ಮೇಲೆ ಅದನ್ನು ಪೂರ್ತಿ ಕೇಳಿದ ಅಮ್ಮ, “ಚೆನ್ನಾಗಿದೆ ಮಗ. ಆದ್ರೆ ಇವರು ನಿಮ್ಮಪ್ಪ ಅಲ್ಲ,” ಎಂದು ಎದ್ದು ಒಳಗೆ ಹೋದರು. ಕತ್ತರಿಸಿದ ಚೂರುಗಳು ಮಾತ್ರ ಹೇಗೋ ಉಳಿದಿದ್ದವು. ಈಗ ಬೇರೆಯವರ ಕೆಲಸ ಮುಗಿದ ಮೇಲೆ ಅವನು ಅಪ್ಪನ ಮಾತನ್ನು ಪರದೆಯ ಉದ್ದಕ್ಕೂ ಹರಡಿಕೊಂಡು, ಯಾವ ಕೆಮ್ಮು ಯಾವ ಮಾತಿನ ಹಿಂದಿತ್ತೆಂದು ಒಂದೊಂದನ್ನೇ ಇಟ್ಟು ನೋಡುತ್ತಾನೆ.