ಬಾಣಂತಿ ಕೋಣೆಗೆ ಬಂದ ಸಿಗ್ನಲ್

ಅಕ್ಕೋರ ಬಲಗೈ ತೋರುಬೆರಳಿನ ಸೀಮೆಸುಣ್ಣದ ಬಿಳುಪು ನಿವೃತ್ತಿಯಾದ ಮೇಲೂ ಹೋಗಿರಲಿಲ್ಲ ಎಂದು ನನ್ನ ನೆನಪು. ಹಾಗಿರಲು ಸಾಧ್ಯವಿಲ್ಲ. ಅದು ವಿಭೂತಿಯ ಬಿಳುಪೇ ಇರಬೇಕು.

ತಳಕಲ್ಲಿನಲ್ಲಿ ನನ್ನ ತವರಿನ ಪಕ್ಕದ ಮನೆ ಅವರದು. ಊರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿತ್ತು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಕರೆಯುವುದೇ ಹಾಗೆ. ಶಾಲೆಯ ಕಂಪ್ಯೂಟರುಗಳಲ್ಲಿ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಇತ್ತು. ಅದನ್ನು ಕಲಿತು ಕಲಿಸಿದವರು ತಮ್ಮ ಹಳೆಯ ಲ್ಯಾಪ್‌ಟಾಪಿಗೂ ಅದನ್ನೇ ಹಾಕಿಕೊಂಡಿದ್ದರು. ಇಂಟರ್ನೆಟ್ಟಿಗಾಗಿ ಸಿಮ್ ಹಾಕಿದ ಡಾಂಗಲನ್ನು ಉದ್ದ ವೈರಿಗೆ ಸಿಕ್ಕಿಸಿ, ಹಿಟ್ಟಿನ ತಂತಿ ಜರಡಿಯ ನಡುವೆ ಕೂರಿಸಿ, ಜರಡಿಯನ್ನು ಟವರಿನ ಕಡೆ ತಿರುಗಿಸುತ್ತಿದ್ದರು. ಸಿಗ್ನಲ್ಲಿನ ಒಂದು ಗೆರೆ ಏರಿದರೆ ಕಣ್ಣು ಮುಚ್ಚಿ ನಗುತ್ತಿದ್ದರು.

ಬೇರೆ ಕಂಪನಿಯ ಟವರಿಗೆ ಸೇರಿಕೊಳ್ಳುವ ರೋಮಿಂಗ್ ಮಾತ್ರ ಎಂದೂ ಆನ್ ಮಾಡುತ್ತಿರಲಿಲ್ಲ. "ನಮ್ಮ ಟವರ್ ಬಂದಾಗ ಬರ್ಲಿ. ಮಂದಿ ಬಾಗಲಕ್ಕ ಹೋಗಿ ನಿಂದ್ರೂದು ನನಗ ಆಗೂದಿಲ್ಲವಾ" ಎನ್ನುತ್ತಿದ್ದರು. ಮನುಷ್ಯರ ವಿಷಯದಲ್ಲೂ ಹಾಗೆಯೇ. ಒಬ್ಬರೇ ಇದ್ದರು, ಯಾರ ಮನೆಯಲ್ಲೂ ಒಂದು ಕಪ್ ಚಹಾ ಕುಡಿದವರಲ್ಲ.

ನಾನು ಬಾಣಂತನಕ್ಕೆ ಬಂದಿದ್ದಾಗಲೇ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಆನ್‌ಲೈನಿನಲ್ಲಿ ಗೊತ್ತಾಯಿತು. ಮಾರ್ಗದರ್ಶಕರು ಆ ತಿಂಗಳೇ ನಿವೃತ್ತರಾಗುವವರು. ಅದು ತಪ್ಪಿದರೆ ಇಷ್ಟು ವರ್ಷದ ಓದು ಎಲ್ಲಿ ನಿಲ್ಲುತ್ತಿತ್ತೋ. ಬಾಣಂತಿ ಕೋಣೆಗೆ ದಪ್ಪ ಕಲ್ಲಿನ ಗೋಡೆ, ಕಿಟಕಿಗೆ ಕಂಬಳಿ. ಅಲ್ಲಿ ಫೋನು ಮಾತಾಡುತ್ತಿರಲಿಲ್ಲ.

"ಮಾಳಿಗಿ ಮ್ಯಾಲ ಹೋಗಿ ಕೂಡ್ತೀನವ್ವ" ಎಂದೆ.

"ಹಸಿ ಮೈಯಾಕಿ ಗಾಳಿಗೆ ಹೋಗ್ತಾಳಂತ! ಪರೀಕ್ಷಿ ಬೇಕಾದ್ರ ಒಳಗ ಬರ್ಲಿ." ಅವ್ವ ಬಾಗಿಲಿಗೆ ಅಡ್ಡ ಕುಳಿತಳು.

ಸುದ್ದಿ ಕೇಳಿ ಅಕ್ಕೋರು ಲ್ಯಾಪ್‌ಟಾಪು, ಜರಡಿ ಹಿಡಿದು ಬಂದರು. "ಅಕಿ ಹೊರಗ ಬರೂದು ಬ್ಯಾಡ್ರಿ. ಪರೀಕ್ಷಿ ನಾನ ಒಳಗ ತರ್ತೀನಿ."

ಆಮೇಲಿನದನ್ನು ಅಜವಾನದ ಹೊಗೆಯ ಮೂಲಕವೇ ಕಂಡಿದ್ದೇನೆ. ಮಡಿಲಲ್ಲಿ ಮಗು, ರೆಪ್ಪೆಯ ಮೇಲೆ ನಿದ್ದೆ. ಕಂಬಳಿಯ ಅಂಚಿನಲ್ಲಿ ಜರಡಿ ಹಗಲು ಚಂದ್ರನಂತೆ ತೇಲುತ್ತಿತ್ತು. ಪರೀಕ್ಷಕರ ಮುಖ ಮೂಡಿತು, ಕರಗಿತು. ಮೊದಲ ಪ್ರಶ್ನೆ ಅರ್ಧಕ್ಕೇ ನಿಂತಿತು. ಡಾಂಗಲ್ ತಾನಾಗಿ ದೂರದ ನಮ್ಮ ಟವರನ್ನೇ ಹುಡುಕುತ್ತಿತ್ತು, ಹಿಡಿದು ಮತ್ತೆ ಬಿಡುತ್ತಿತ್ತು. ಅಕ್ಕೋರು ತಾನಾಗಿ ಹುಡುಕುವ ಆ ಆಯ್ಕೆ ತೆಗೆದು, ಸುತ್ತಲಿನ ನೆಟ್‌ವರ್ಕುಗಳ ಹೆಸರು ಮೂಡುವ ತನಕ ಕಾದರು. ಹತ್ತಿರದ್ದು ಬೇರೆ ಕಂಪನಿಯದು. ಅದರೊಳಗೆ ಹೋಗಲು ರೋಮಿಂಗ್ ಬೇಕು. ಅವರ ಬೆರಳು ಗುಂಡಿಯ ಮೇಲೇ ನಿಂತಿತು.

"ಏನ್ ನೋಡಾಕತ್ತೀರಿ ಅಕ್ಕೋರ?" ಅವ್ವ ಕೇಳಿದಳು.

"ಮಂದಿ ಬಾಗಲಾ ಬಡೀಬೇಕಾಗೈತ್ರಿ."

"ಬಡೀರಿ ಮತ್ತ! ಕೂಸಿನ ತಾಯಿಗಂತ ಕೇಳಿದ್ರ ಯಾರ್ ಇಲ್ಲಂತಾರ?"

ಅಕ್ಕೋರು ಒತ್ತಿದರು. ಕರಗಿದ್ದ ಮುಖ ಮತ್ತೆ ಬಂದು ನಿಂತಿತು. ಪರೀಕ್ಷೆ ಮುಗಿಯುವವರೆಗೆ ಅವರು ಜರಡಿಯನ್ನು ಕದಲಿಸದೆ ಹಿಡಿದು ನಿಂತೇ ಇದ್ದರು. ನಾನೇನು ಉತ್ತರಿಸಿದೆನೋ ಒಂದೂ ನೆನಪಿಲ್ಲ. ಕೊನೆಗೆ ಎಲ್ಲರೂ ಅಭಿನಂದನೆ ಹೇಳಿದ್ದು ಕೇಳಿಸಿತು.

ಅವ್ವ ಬಾಣಂತಿಗೆಂದು ಕಟ್ಟಿದ್ದ ಅಂಟಿನುಂಡಿ ಕೊಟ್ಟಳು. ಅಕ್ಕೋರು ಅದನ್ನು ಬಹಳ ಹೊತ್ತು ನೋಡಿ, ಮುರಿದು ಬಾಯಿಗಿಟ್ಟರು. "ಛಲೋ ಐತ್ರಿ. ಬೆಲ್ಲ ಚೂರು ಕಮ್ಮಿ."

"ಪಾಸಾದಾಕಿ ಅಕಿ, ತಪ್ಪು ತಗಿಯಾಕಿ ನೀವು!" ಎಂದಳು ಅವ್ವ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಅವರ ಲ್ಯಾಪ್‌ಟಾಪ್ ನನಗೆ ಬಂತು. ಕುಕನೂರಿನ ನಮ್ಮ ಮನೆಯಲ್ಲಿ ತೆರೆದಾಗ ರೋಮಿಂಗ್ ಆನ್ ಇತ್ತು. ಅಂದು ಆಫ್ ಮಾಡಲು ಮರೆತರೋ, ಬೇಕೆಂದೇ ಬಿಟ್ಟರೋ? ನನ್ನ ನೆನಪನ್ನು ಕೇಳಿದರೆ ತನಗೆ ಬೇಕಾದ ಉತ್ತರವನ್ನೇ ಕೊಡುತ್ತದೆ. ಅವ್ವನನ್ನು ಕೇಳಿದೆ.

"ಅದೆಲ್ಲ ನನಗೇನ್ ಗೊತ್ತವಾ? ನೀ ಗಂಡನ ಮನಿಗೆ ಹೋದ ಮ್ಯಾಲ ದಿನಾ ಸಂಜಿಗೆ ನಮ್ಮ ಕಟ್ಟಿಗೆ ಬರ್ತಿದ್ರು. ಚಾ ತಡಾ ಆದ್ರ ತಾವಾಗೇ ಕೇಳ್ತಿದ್ರು."

ರೋಮಿಂಗಿನ ಆ ಗುಂಡಿಯನ್ನು ನಾನು ಮುಟ್ಟಿಲ್ಲ.