ಮಖಮಲ್ಲಿನ ಅಂಗಿ, ಕೌದಿಯ ಕವಚ

ರಬಕವಿಯ ಮೊದಲ ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಕಟ್ಟೆಯ ಮೇಲೆ ಒಬ್ಬ ಸೈನಿಕ ಕೂತಿದ್ದ. ತಲೆಗೆ ತಗಡಿನ ಶಿರಸ್ತ್ರಾಣ, ಮೈಮೇಲೆ ಜರಿಯಂಚಿನ ಕೆಂಪು ಮಖಮಲ್ಲಿನ ಅಂಗಿ, ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ ಕತ್ತಿ. ಚಹಾವನ್ನು ಬಸಿಗೆ ಸುರಿದುಕೊಂಡು ಊದಿ ಊದಿ ಕುಡಿಯುತ್ತಿದ್ದ. ನಾನು ಬಾಗಿಲು ಹಾಕಿಕೊಂಡೆ. ನಂಜನಗೂಡಿನಿಂದ ರೈಲು, ಹುಬ್ಬಳ್ಳಿಯಿಂದ ಬಸ್ಸು ಹಿಡಿದು ಹಿಂದಿನ ಸಂಜೆಯಷ್ಟೇ ಬಂದಿಳಿದಿದ್ದವಳು. ಪ್ರಯಾಣದ ದಣಿವಿನ ಕನಸಿರಬೇಕೆಂದು ಮುಖ ತೊಳೆದು ಮತ್ತೆ ತೆಗೆದೆ. ಸೈನಿಕ ಎದ್ದು ನಿಂತಿದ್ದ.

"ಅಂಜಬ್ಯಾಡ್ರಿ ಅಕ್ಕೋರ," ಎಂದ. "ನಾ ಗಂಗವ್ವ ವೈನಿಯ ಮೈದುನ, ಈರಪ್ಪ. ಅಂಗಿ ಬಿಗಿ ಆಗೇತೇನು ಅಂತ ಹಾಕ್ಕೊಂಡ ನೋಡಾಕತ್ತಿದ್ನಿ."

ಗಂಗವ್ವ ನಾನು ಬಾಡಿಗೆಗೆ ಹಿಡಿದ ಖೋಲಿಯ ಒಡತಿ. ವೈನಿ ಎಂದರೆ ಅತ್ತಿಗೆ. ಅಕ್ಕೋರು ಎಂದರೆ ಶಾಲೆಯಲ್ಲಿ ಕಲಿಸುವ ಹೆಂಗಸು. ಹೆಣ್ಣುಮಕ್ಕಳ ಶಾಲೆಗೆ ಹೊಲಿಗೆ ಮತ್ತು ಚಿತ್ರಕಲೆ ಕಲಿಸಲು ಬಂದ ನನ್ನನ್ನು ಅಂದಿನಿಂದ ಇಂದಿನವರೆಗೂ ಈ ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆದಿಲ್ಲ. ನಮ್ಮ ಕಡೆ ಟೀಚರನ್ನು ಮಿಸ್ ಎಂದು ದೂರ ನಿಲ್ಲಿಸುತ್ತೇವೆ. ಇಲ್ಲಿ ಅಕ್ಕ ಎಂದು ಕರೆದು, ಅದಕ್ಕೊಂದು ಗೌರವದ ಬಾಲ ಹಚ್ಚಿ, ಹತ್ತಿರ ಕರೆದುಕೊಂಡೇ ದೂರವನ್ನೂ ಉಳಿಸಿಕೊಳ್ಳುತ್ತಾರೆ.

ಮದುವೆಯಾಗದ ಹೆಂಗಸೊಬ್ಬಳಿಗೆ ಒಂಟಿಯಾಗಿರಲು ಮನೆ ಕೊಡುವವರು ನಂಜನಗೂಡಿನಲ್ಲೂ ಸಿಗುತ್ತಿರಲಿಲ್ಲ. ಇಲ್ಲೂ ಇಬ್ಬರು ಇಲ್ಲವೆಂದಿದ್ದರಂತೆ. ಗಂಗವ್ವ ಮಾತ್ರ ಹೆಚ್ಚು ಕೇಳಲಿಲ್ಲ. ಮುಂದಿನ ಖೋಲಿ ನನಗೆ, ಹಿಂದಿನದು ಅವಳಿಗೆ, ನಡುವೆ ಈರಪ್ಪನ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲಿಳಿಬಿಟ್ಟು ಕೂತು ಅವನು ಸೀರೆ ನೇಯುತ್ತಿದ್ದ. ನಮ್ಮ ಹೆಂಚಿನ ಮನೆಯಲ್ಲಿ ಕಪಿಲೆಯ ಕಡೆಯಿಂದ ಬರುವ ಗಾಳಿ ಬಿಟ್ಟರೆ ಮಧ್ಯಾಹ್ನ ಸದ್ದೇ ಇರುವುದಿಲ್ಲ. ಇಲ್ಲಿ ಮಗ್ಗದ ಸದ್ದಿಗೆ ಮೊದಲ ವಾರ ತಲೆ ಸಿಡಿದುಹೋಯಿತು. ಆಮೇಲೆ ತಿರುಗುಮುರುಗಾಯಿತು. ಮಗ್ಗ ನಿಂತ ರಜೆಯ ದಿನ ಮೌನ ಇಳಿದಾಗಲೇ ನನಗೆ ಮನೆ ನೆನಪಾಗುತ್ತಿತ್ತು.

ರಜೆಗೆ ನಂಜನಗೂಡಿಗೆ ಹೋದಾಗ ಎಲ್ಲರೂ ಊಟದ ವಿಷಯ ಕೇಳುತ್ತಾರೆ. ರೊಟ್ಟಿ ತಿನ್ನುವುದನ್ನು ಬೇಗ ಕಲಿತೆ. ಬಡಿಯುವುದು ಇಂದಿಗೂ ಬಂದಿಲ್ಲ. ಊರಿನಿಂದ ನನ್ನ ಅಕ್ಕ ಕಟ್ಟಿಕೊಟ್ಟಿದ್ದ ಕಾಫಿಪುಡಿಯನ್ನು ಗಂಗವ್ವನಿಗೂ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು, ಮೈಸೂರಾಗ ಮಂದಿ ಇದನ್ನ ಔಷಧಕ್ಕ ಕುಡೀತಾರೇನು ಎಂದು ತುಂಬ ಮರ್ಯಾದೆಯಿಂದ ಕೇಳಿದಳು. ನಂಜನಗೂಡು ಬೇರೆ, ಮೈಸೂರು ಬೇರೆ ಎಂದು ತಿದ್ದಲು ಹೋಗಿ ಸೋತೆ. ತುಂಗಭದ್ರೆಯ ಆಚೆಯದೆಲ್ಲ ಅವರಿಗೆ ಮೈಸೂರೇ, ಈಚೆಯದೆಲ್ಲ ನಮಗೆ ಧಾರವಾಡ ಆದ ಹಾಗೆ.

ಆ ಸೈನಿಕನ ವೇಷಕ್ಕೆ ಬರುತ್ತೇನೆ. ಈರಪ್ಪ ನಾಟಕದವನೆಂದು ನಾನು ತಿಳಿದಿದ್ದೆ. ಹಾಗಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ ಈ ನಾಲ್ಕು ಊರುಗಳ ಕೆಲವರು ಸೇರಿ ಒಂದು ಬಳಗ ಕಟ್ಟಿಕೊಂಡಿದ್ದರು. ಹಾಡಿಲ್ಲ, ಮಾತಿಲ್ಲ. ಚಾಲುಕ್ಯರ ಕಾಲದ ದಂಡು ಹೇಗಿತ್ತೋ ಹಾಗೆ ವೇಷ ತೊಟ್ಟು, ಆಯುಧ ಹಿಡಿದು, ಹಬ್ಬದ ಮೆರವಣಿಗೆಗಳಲ್ಲಿ ನಡೆಯುವುದೇ ಅವರ ಹವ್ಯಾಸ. ತಿಂಗಳಿಗೊಂದು ಭಾನುವಾರ ಮಹಾಲಿಂಗಪುರದಲ್ಲಿ ಕೂಡುತ್ತಿದ್ದರು, ಏಕೆಂದರೆ ನಾಲ್ಕೂ ಕಡೆಯ ಬಸ್ಸು ಅಲ್ಲಿ ಸಿಗುತ್ತದೆ. ಬೆಲ್ಲದ ಅಂಗಡಿಯೊಂದರ ಹಿತ್ತಲೇ ಅವರ ಸಭೆಯ ಜಾಗ.

ನನ್ನ ಚಿತ್ರಗಳನ್ನು ನೋಡಿದ ಈರಪ್ಪ ಒಮ್ಮೆ ಕರೆದ. ಗಂಗವ್ವನನ್ನು ಜೊತೆಗಿಟ್ಟುಕೊಂಡು ಹೋದೆ. ಬೆಲ್ಲದ ಪೆಂಟೆಗಳ ನಡುವೆ ನೊಣ ಹೊಡೆದುಕೊಳ್ಳುತ್ತ ದೊಡ್ಡ ಗಂಡಸರು ಗುರಾಣಿಯ ಹಿಡಿಕೆಯ ಬಗ್ಗೆ ಮಧ್ಯಾಹ್ನವಿಡೀ ಚರ್ಚೆ ಮಾಡಿದರು. ಬೀಳಗಿಯ ಬಡಿಗ ಗುರಾಣಿ ಮಾಡಿ ಎಲ್ಲರಿಗೂ ಕೊಡುತ್ತಿದ್ದ. ಮುಧೋಳದವರಲ್ಲಿ ಕುದುರೆಯಿತ್ತು. ಬಟ್ಟೆ, ಬಣ್ಣ ರಬಕವಿಯದು. ಕತ್ತಿಗಳು ಜಮಖಂಡಿಯ ದೇಸಾಯಿ ಮಾಸ್ತರ ಮನೆಯ ಅಟ್ಟದಿಂದ ಬರುತ್ತಿದ್ದವು. ಅವರ ಹಿರಿಯರು ಜಮಖಂಡಿ ಸಂಸ್ಥಾನದ ಸೇವೆಯಲ್ಲಿದ್ದವರು, ಮಾಸ್ತರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವರು. ಮೀಸೆಯ ಅಂಟು ಬೆವರಿಗೆ ಬಿಡದಿರಲು ಏನು ಮಾಡಬೇಕು, ತಗಡಿನ ಅಂಚು ಹಣೆ ಕೊಯ್ಯದಂತೆ ಒಳಗೆ ಏನು ಹಚ್ಚಬೇಕು ಎಂದು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ತಿಳಿದದ್ದನ್ನು ಯಾರೂ ಬಚ್ಚಿಟ್ಟುಕೊಳ್ಳುತ್ತಿರಲಿಲ್ಲ. ನಮ್ಮೂರಲ್ಲಿ ಒಂದು ಹೊಸ ರಂಗೋಲಿ ಕಲಿತರೆ ಪಕ್ಕದ ಮನೆಯವರಿಗೆ ಹೇಳದವರನ್ನು ನೋಡಿ ಬೆಳೆದ ನನಗೆ ಇದು ರೊಟ್ಟಿಗಿಂತ ಹೊಸ ರುಚಿ.

ಅವರ ಜೊತೆ ಬಸ್ಸಿನಲ್ಲಿ ಪಟ್ಟದಕಲ್ಲಿಗೆ, ಐಹೊಳೆಗೆ ಹೋದೆ. ಕಲ್ಲಿನ ಮೇಲಿನ ಸೊಂಟಪಟ್ಟಿ, ಕಠಾರಿ, ಜುಟ್ಟಿನ ಗಂಟುಗಳನ್ನು ಬರೆದುಕೊಡುವುದು ನನ್ನ ಪಾಲಿನ ಕೆಲಸವಾಯಿತು. ದಾರಿಯ ಹಳ್ಳಿಯೊಂದರ ವೀರಗಲ್ಲಿನಲ್ಲಿ ಸೈನಿಕನೊಬ್ಬನ ಎದೆಯ ಮೇಲೆ ಒತ್ತೊತ್ತಾಗಿ ಅಡ್ಡಗೆರೆಗಳಿದ್ದವು. ಅವು ಏನೆಂದು ದೇಸಾಯಿ ಮಾಸ್ತರಿಗೂ ಖಚಿತವಿರಲಿಲ್ಲ. ಸುಮ್ಮನೆ ಬರೆದುಕೊಂಡೆ. ಎರಡು ವರ್ಷ ಹೀಗೆ ಕಳೆಯಿತು. ಭಾನುವಾರ ಮುಗಿಯದಿರಲಿ ಎಂದು ನನಗೆ ಅನ್ನಿಸತೊಡಗಿದ್ದು ಆಗಲೇ.

ಆ ವರ್ಷ ರಾಜ್ಯಕ್ಕೆ ಮೈಸೂರು ಎಂಬ ಹೆಸರು ಹೋಗಿ ಕರ್ನಾಟಕ ಎಂದಾಗುವುದಿತ್ತು. ಜಮಖಂಡಿಯಲ್ಲಿ ಮೆರವಣಿಗೆ ಗೊತ್ತಾಯಿತು. ಬಳಗದವರು ಮುಂದೆ ನಡೆಯಬೇಕೆಂದು ಊರಿನ ಹಿರಿಯರೇ ಕರೆದರು. ಅದರ ತಯಾರಿಗೆ ಕೂಡಿದ ದಿನ ಈರಪ್ಪ ಮಖಮಲ್ಲಿನ ಅಂಗಿ ತೊಟ್ಟು ನಿಂತಾಗ, ಅಲ್ಲಿಯವರೆಗೆ ಕಂಡೂ ಕಾಣದಂತಿದ್ದ ದೇಸಾಯಿ ಮಾಸ್ತರು ಎಲ್ಲರ ಎದುರು, ಅದು ನಾಟಕದ ಅಂಗಿ, ಚಾಲುಕ್ಯರ ಕಾಲದ ಸೈನಿಕನಿಗೆ ಮಖಮಲ್ಲು ಎಲ್ಲಿಂದ ಬರಬೇಕು, ಇಂಥದ್ದನ್ನು ತೊಟ್ಟು ನಡೆದರೆ ತಿಳಿದವರು ನಗುತ್ತಾರೆ ಎಂದುಬಿಟ್ಟರು. ಅವರು ಹೇಳಿದ್ದು ಸುಳ್ಳಲ್ಲ. ಈರಪ್ಪ ಅಂಗಿ ಕಳಚಿ, ಜರಿ ಮುರಿಯದಂತೆ ಮಡಿಸಿ, ಬಸ್ಸಿಗೆ ಹೋಗಿಬಿಟ್ಟ.

ಅದು ಅವನ ಅಪ್ಪ ಹೊಲಿದ ಅಂಗಿ. ಕಣ್ಣು ಹೋಗುವ ಮೊದಲು ಅವರು ಹೊಲಿದ ಕೊನೆಯ ಬಟ್ಟೆ ಎಂದು ಗಂಗವ್ವ ಆ ಸಂಜೆ ನನಗೆ ಹೇಳಿದಳು. ಮಾಸ್ತರಿಗೆ ಇದು ಗೊತ್ತಿಲ್ಲವೇ ಎಂದೆ. ಈರಪ್ಪ ಹೇಳುವ ಪೈಕಿಯವನಲ್ಲ ಎಂದಳು.

ಮುಂದಿನ ಸಭೆಗೆ ರಬಕವಿಯವರು ಯಾರೂ ಹೋಗಲಿಲ್ಲ. ಬಟ್ಟೆ ಕಳಿಸಲಿಲ್ಲ. ಕತ್ತಿಗಳು ಅಟ್ಟದಿಂದ ಇಳಿಯಲಿಲ್ಲ. ಯಾರ ಕಡೆ ನಿಲ್ಲಬೇಕೆಂದು ತಿಳಿಯದೆ ಮುಧೋಳದವರೂ ಬೀಳಗಿಯವರೂ ಸುಮ್ಮನಾದರು. ಮೆರವಣಿಗೆ ಬಂದವರಿಂದ ನಡೆದೇ ನಡೆಯುತ್ತದೆ. ಬಳಗ ಮಾತ್ರ ಮುಗಿದಂತೆಯೇ ಎಂದು ಎಲ್ಲರೂ ಒಪ್ಪಿಕೊಂಡಂತಿತ್ತು. ನನಗೆ ಹಾಗೆ ಒಪ್ಪಿಕೊಳ್ಳಲು ಆಗಲಿಲ್ಲ. ಅವರಿಗೆ ಮನೆಯಿತ್ತು, ಬಂಧುಗಳಿದ್ದರು. ನನಗೆ ಆ ಬೆಲ್ಲದ ಹಿತ್ತಲು ಬಿಟ್ಟರೆ ಹೋಗಿ ಕೂರುವ ಜಾಗ ಈ ಸೀಮೆಯಲ್ಲಿ ಇನ್ನೊಂದಿರಲಿಲ್ಲ.

ಮಳೆಗಾಲ ಮುಗಿದು ಬೆಳಗಿನ ಚಳಿ ಶುರುವಾಗಿತ್ತು. ಗಂಗವ್ವ ಹೊದೆಯಲು ಕೌದಿ ಕೊಟ್ಟಿದ್ದಳು. ಹಳೆಯ ಸೀರೆಗಳನ್ನು ಪದರ ಪದರ ಹಾಸಿ, ಒಂದು ಬೆರಳೂ ಬಿಡದಂತೆ ಸಾಲು ಸಾಲಾಗಿ ದಾರ ಓಡಿಸಿ ಹೊಲಿದ ಹೊದಿಕೆ ಅದು. ನಮ್ಮ ಕಡೆಯ ಕಂಬಳಿಗಿಂತ ಭಾರ. ಒಂದು ಬೆಳಿಗ್ಗೆ ಅದನ್ನು ಮಡಿಸುತ್ತಿದ್ದಾಗ ಆ ಹೊಲಿಗೆಯ ಗೆರೆಗಳ ಮೇಲೆ ಕೈ ನಿಂತಿತು. ವೀರಗಲ್ಲಿನ ಚಿತ್ರ ತೆಗೆದು ಪಕ್ಕದಲ್ಲಿಟ್ಟೆ. ಎರಡೂ ಒಂದೇ ಎಂದು ನಾನು ಹೇಳಲಾರೆ. ಆದರೆ ಈ ಬಿಸಿಲಿನ ನಾಡಿನಲ್ಲಿ ಹತ್ತಿ ಬೆಳೆಯುವವರು ಕತ್ತಿಯ ಪೆಟ್ಟು ತಡೆಯಲು ಕಬ್ಬಿಣಕ್ಕಿಂತ ಮೊದಲು ಬಟ್ಟೆಯನ್ನೇ ನೆನೆಸಿಕೊಂಡಿದ್ದರೆ ಆಶ್ಚರ್ಯವಿಲ್ಲ ಎನ್ನಿಸಿತು.

ಈರಪ್ಪ ನೇಯ್ದ ಬಣ್ಣ ಹಾಕದ ಬಟ್ಟೆ ಕೇಳಿ ಪಡೆದೆ. ನಾನು ಕತ್ತರಿಸಿದೆ, ಗಂಗವ್ವ ಪದರ ಹಾಸಿದಳು, ಓಣಿಯ ಹೆಂಗಸರು ಬಂದು ಕೂತು ಹೊಲಿದರು. ಅಕ್ಕೋರಿಗೆ ಮದುವೆ ಗೊತ್ತಾಯಿತೇ, ಇದು ಗಂಡಿನ ಅಂಗಿಯೇ ಎಂದು ನಕ್ಕರು. ತೋಳಿಲ್ಲದ, ಮಂಡಿಯವರೆಗಿನ ದಪ್ಪ ಅಂಗಿ ತಯಾರಾಯಿತು. ಈರಪ್ಪ ಅದನ್ನು ತಿರುವಿ ಮುರುವಿ ನೋಡಿ, "ಅಡ್ಡಿ ಇಲ್ರಿ," ಎಂದ. ನನ್ನ ಮುಖ ಸಣ್ಣಗಾಯಿತು. ನಮ್ಮಲ್ಲಿ ಪರವಾಗಿಲ್ಲ ಎನ್ನುವಷ್ಟರ ಮಟ್ಟಿಗೆ ಆಡುವ ಮಾತದು. ಇಲ್ಲಿ ಮನಸ್ಸು ತುಂಬಿದಾಗ ಹೇಳುವುದೇ ಅಷ್ಟು ಎಂದು ಗಂಗವ್ವ ಆಮೇಲೆ ತಿಳಿಸಿದಳು.

ಆದರೆ ಅಂಗಿಯನ್ನು ಜಮಖಂಡಿಗೆ ಒಯ್ಯಲು ಅವನು ಒಪ್ಪಲಿಲ್ಲ.

"ಅಕ್ಕೋರ, ನೀವ ಹೋಗ್ರಿ," ಎಂದಳು ಗಂಗವ್ವ. "ನೀವು ಮೈಸೂರವರು. ಮಾಸ್ತರ ನಿಮಗ ಏನಂದ್ರೂ ಅದು ರಬಕವಿಗೆ ಹತ್ತೂದಿಲ್ಲ."

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಎರಡು ವರ್ಷ ಅದೇ ಮನೆಯಲ್ಲಿದ್ದು, ಅದೇ ನೀರು ಕುಡಿದು, ನಾನಿನ್ನೂ ಹತ್ತದ, ಅಂಟದ ಮನುಷ್ಯಳೇ ಎಂದು ನನಗೆ ಕೇಳಿಸಿತು. ಬಸ್ಸು ಹುನ್ನೂರಿನಲ್ಲಿ ನಿಂತಾಗ ಇಳಿದು ಹಿಂದಿರುಗೋಣ ಎನ್ನಿಸಿದ್ದೂ ಉಂಟು. ಅಂಗಿಯ ಗಂಟು ತೊಡೆಯ ಮೇಲೆ ಭಾರವಾಗಿತ್ತು. ಇಳಿಯಲಿಲ್ಲ.

ದೇಸಾಯಿ ಮಾಸ್ತರು ಅಂಗಿಯನ್ನು ಬಿಚ್ಚಿ ನೋಡಿದರು. ನನ್ನ ಚಿತ್ರ ನೋಡಿದರು. ತೊಟ್ಟುಕೊಂಡು ಅಂಗಳದಲ್ಲಿ ನಿಂತು, ಕೋಲಿನಿಂದ ಒಂದು ಏಟು ಹೊಡೆಯಲು ನನಗೆ ಹೇಳಿದರು. ಮಾಸ್ತರನ್ನು ಹೊಡೆಯುವುದು ಹೇಗೆಂದು ನಾನು ಹಿಂಜರಿದಾಗ ಅವರ ಹೆಂಡತಿ ಕೋಲು ತೆಗೆದುಕೊಂಡು ಬಲವಾಗಿಯೇ ಹೊಡೆದರು. ಮಾಸ್ತರು ಅಲ್ಲಾಡಲಿಲ್ಲ. ಸಂತೋಷದಿಂದ ಅವರ ಮುಖ ಅರಳಿತು. ಆಗಲೇ ನಾನು ಮಖಮಲ್ಲಿನ ಅಂಗಿ ಯಾರು ಹೊಲಿದದ್ದೆಂದು ಹೇಳಿದೆ. ಅವರು ತೊಟ್ಟ ಅಂಗಿಯಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ಅಂಗಿಯನ್ನು ಅವರಲ್ಲೇ ಬಿಟ್ಟು, ನಾನು ಚಹಾ ಕುಡಿದು ಬಸ್ಸಿಗೆ ಬಂದೆ.

ಮುಂದಿನ ಭಾನುವಾರ ಅವರೇ ರಬಕವಿಗೆ ಬಂದರು. ಧೋತರದಲ್ಲಿ ಸುತ್ತಿದ ಕತ್ತಿಗಳ ಕಟ್ಟನ್ನು ಬಸ್ಸಿನ ಮೇಲಿನಿಂದ ತಾವೇ ಇಳಿಸಿಕೊಂಡು, ಹೆಗಲ ಮೇಲೆ ಹೊತ್ತು ಓಣಿಯಲ್ಲಿ ನಡೆದು ಬಂದರು. ಈರಪ್ಪ ಮಗ್ಗದ ಕುಣಿಯಿಂದ ಎದ್ದು ಬಾಗಿಲಿಗೆ ಬಂದ. ನೀರು ಕೊಟ್ಟ. ಇಬ್ಬರೂ ಕಟ್ಟೆಯ ಮೇಲೆ ಕೂತರು.

"ಮೆರವಣಿಗ್ಯಾಗ ದೊರಿ ನಾ ಆಗೂದು ಅಂತ ಇತ್ತಲ್ಲ, ಈರಪ್ಪ," ಎಂದರು ಮಾಸ್ತರು. "ಅದು ಬ್ಯಾಡ. ಸೈನಿಕಗ ಒಪ್ಪದ ಅಂಗಿ ದೊರಿಗೆ ಒಪ್ಪತೈತಿ. ನಿಮ್ಮ ಅಪ್ಪಾರ ಅಂಗಿ ಹಾಕ್ಕೊಂಡ ನೀವ ಮುಂದ ನಡೀರಿ. ನಾ ಅಕ್ಕೋರು ಹೊಲಿದ ಕೌದಿ ಅಂಗಿ ಹಾಕ್ಕೊಂಡ ನಿಮ್ಮ ಹಿಂದ ಬರತೇನಿ."

ಚಾಲುಕ್ಯರ ದೊರೆಗೂ ಮಖಮಲ್ಲಿರಲಿಲ್ಲ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಈರಪ್ಪನಿಗೂ ಗೊತ್ತಿತ್ತು. ಅವನು ಕತ್ತಿಗಳ ಕಟ್ಟನ್ನು ಒಳಗೆ ತೆಗೆದುಕೊಂಡು ಹೋಗಿ, ಗೋಡೆಗೆ ಆನಿಸಿ ಹೊರಗೆ ಬಂದ.

"ದೊರಿ ಹಿಂದ ಒಬ್ಬ ಸೈನಿಕ ಬಂದ್ರ ದಂಡು ಆಗೂದಿಲ್ರಿ," ಎಂದ. "ನಾಕೂ ಊರಿನ ಮಂದಿಗೆ ಕೌದಿ ಅಂಗಿ ಬೇಕು. ಬಟ್ಟಿ ನಾ ನೇಯತೇನಿ. ಹೊಲಿಯೂದು ಅಕ್ಕೋರ ಕಡೆ."

ಅಲ್ಲಿಂದ ಮೆರವಣಿಗೆಯವರೆಗೆ ಗಂಗವ್ವನ ಮನೆಯಲ್ಲಿ ನಡೆದಾಡಲು ಜಾಗವಿರಲಿಲ್ಲ. ಹೊಲಿಗೆ ಅವಸರದ್ದು, ಕೆಲವು ಅಂಗಿಗಳ ತೋಳಕುಳಿ ಎತ್ತರ ತಗ್ಗಾಯಿತು. ಮುಧೋಳದವರು ಅವನ್ನು ಕುದುರೆಯ ಮೇಲೆ ಕೂತಾಗ ಕೈ ಎತ್ತಲು ಬರುವಂತೆ ಹೇಗೆ ಸರಿಪಡಿಸಬೇಕೆಂದು ತಾವೇ ಕಂಡುಹಿಡಿದು ಉಳಿದವರಿಗೂ ಹೇಳಿ ಕಳಿಸಿದರು. ಬಳಗ ಮತ್ತೆ ಮೊದಲಿನಂತಾಯಿತು ಎಂದು ನನಗೆ ಖಾತ್ರಿಯಾದದ್ದು ಆ ಸುದ್ದಿ ಬಂದಾಗ.

ಮೆರವಣಿಗೆಯ ಬೆಳಿಗ್ಗೆ ಜಮಖಂಡಿಯ ಬೀದಿಯಲ್ಲಿ ಈರಪ್ಪ ಮುಂದೆ ನಡೆದ. ಬಿಸಿಲಿಗೆ ಜರಿ ಹೊಳೆಯಿತು. ಹಿಂದೆ ಮಾಸ್ತರು, ಅವರ ಹಿಂದೆ ಬಿಳಿಯ ದಪ್ಪ ಅಂಗಿಗಳ ಸಾಲು. ಹೊಸ ಹೆಸರನ್ನು ಕೂಗಿದಾಗ ಜನ ಹಿಗ್ಗಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹುಟ್ಟಿದಾಗಿನಿಂದ ವಿಳಾಸದ ಕೊನೆಗೆ ಬರೆಯುತ್ತ ಬಂದ ಹೆಸರು ಹೋಗುತ್ತಿತ್ತು, ಅದನ್ನು ಬೀಳ್ಕೊಡುವವರ ಅಂಗಿಗೆ ನಾನೇ ದಾರ ಹಾಕಿದ್ದೆ. ದುಃಖವೆಂದು ಹೇಳಲಾರೆ. ಚಪ್ಪಾಳೆ ತಟ್ಟಿದ ಕೈಯನ್ನು ಆಮೇಲೆ ಎಲ್ಲಿಡಬೇಕೋ ತಿಳಿಯಲಿಲ್ಲ, ಅಷ್ಟೇ. ಮೆರವಣಿಗೆ ಮುಗಿದ ಮೇಲೆ ಈರಪ್ಪ ಹತ್ತಿರ ಬಂದು, ನಿಮ್ಮ ಊರಿನ ಹೆಸರು ಹೋಯಿತೆಂದು ಬೇಸರವೇ ಎಂದು ಕೇಳಿದ. ಇಷ್ಟು ಜನರಲ್ಲಿ ಅದನ್ನು ಕೇಳಬೇಕೆಂದು ಹೊಳೆದದ್ದು ಅವನೊಬ್ಬನಿಗೆ. ಸ್ವಲ್ಪ ಎಂದೆ. ತಲೆಯಾಡಿಸಿ ಪಕ್ಕದಲ್ಲೇ ನಿಂತಿದ್ದ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ವರ್ಗಕ್ಕೆ ಅರ್ಜಿ ಹಾಕು ಎಂದು ಅಕ್ಕ ಪ್ರತಿ ರಜೆಯಲ್ಲೂ ಹೇಳುತ್ತಾಳೆ. ಹಾಕುತ್ತೇನೆ ಎನ್ನುತ್ತೇನೆ. ಕಳೆದ ದಸರೆಗೆ ಅವಳ ಜೊತೆ ಮೈಸೂರಿಗೆ ಹೋಗಿದ್ದೆ. ಮೆರವಣಿಗೆ ಹೊರಡುವ ಮೊದಲು ಕೆಂಪಂಗಿಯ ಸಿಪಾಯಿಗಳು ನೆರಳಿನಲ್ಲಿ ನಿಂತಿದ್ದರು. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲಿಂದ ಆನೆಯನ್ನು ಮಾತ್ರ ನೋಡಿದ್ದವಳು ಈಗ ಅವರ ಕಾಲರಿನ ಹೊಲಿಗೆ ನೋಡುತ್ತಿದ್ದೆ. ಇಷ್ಟು ನೆಟ್ಟಗೆ ನಿಲ್ಲಲು ಒಳಗೇನು ಹಾಕಿದ್ದಾರೆಂದು ತಡೆಯಲಾರದೆ ಒಬ್ಬನನ್ನು ಕೇಳಿಯೂಬಿಟ್ಟೆ. ಅವನು ಕಾಲರು ಮಡಚಿ ತೋರಿಸಿದ. ಗಂಜಿ ಹಾಕಿದ ದಪ್ಪ ಬಟ್ಟೆ. ಭಾನುವಾರ ಬಳಗದವರಿಗೆ ಹೇಳಬೇಕು ಎಂದುಕೊಂಡೆ.

"ನೀವು ಬಿಜಾಪುರದ ಕಡೆಯೋರಾ?" ಎಂದ ಅವನು. ರಬಕವಿ ಬಿಜಾಪುರ ಜಿಲ್ಲೆಯದೇ, ನನ್ನ ಮಾತಿನಲ್ಲಿ ಅವನಿಗೆ ಏನು ಕೇಳಿಸಿತೋ.

ಹೌದ್ರಿ ಎಂದೆ. ಬಾಯಿಗೆ ಬಂದದ್ದೇ ಅದು. ಅಕ್ಕ ನನ್ನ ಮುಖವನ್ನೇ ನೋಡಿದಳು. ನಂಜನಗೂಡಿಗೆ ಹಿಂದಿರುಗುವ ರೈಲಿನಲ್ಲಿ ಕಿಟಕಿಯ ಆಚೆ ನೋಡುತ್ತ ಕೇಳಿದಳು:

"ರಬಕವಿಯಲ್ಲಿ ಯಾರಾದರೂ ಕೇಳಿದರೆ ಯಾವ ಊರಿನವಳು ಅಂತ ಹೇಳ್ತೀಯ?"

"ಅಲ್ಲಿ ಯಾರೂ ಕೇಳೋದಿಲ್ಲ ಅಕ್ಕ," ಎಂದೆ. "ಮೈಸೂರಿನವಳು ಅಂತ ಎಲ್ಲರಿಗೂ ಗೊತ್ತು."